ದೇಶಕ್ಕೆ ರಾಯಭಾರಿ ಸರಿ, ಒಕ್ಕೂಟಕ್ಕೂ ರಾಯಭಾರಿ ಯಾಕೆ?

ಪ್ರಶ್ನೆ: ಜಕಾರ್ತಾದಲ್ಲಿ ಕೆಲವು ದೇಶಗಳಿಗೆ ಇಬ್ಬಿಬ್ಬರು ರಾಯಭಾರಿಗಳಿದ್ದಾರಂತೆ. ಒಬ್ಬರು ಇಂಡೊನೇಷ್ಯಾಕ್ಕೆ, ಇನ್ನೊಬ್ಬರು ಆಗ್ನೇಯ ಏಷ್ಯಾ ರಾಷ್ಟ್ರಗಳ ಒಕ್ಕೂಟವಾದ ಆಸಿಯಾನ್‌ಗೆ. ಒಂದೇ ಊರಿನಲ್ಲಿ ಎರಡನೆಯವರಿಗೆ ಏನು ಕೆಲಸ?

ಉತ್ತರ: ಊರು ಒಂದೇ, ತಟ್ಟುವ ಬಾಗಿಲು ಬೇರೆ. ಆಸಿಯಾನ್‌ನ ಕೇಂದ್ರ ಕಚೇರಿಯೂ ಜಕಾರ್ತಾದಲ್ಲೇ ಇದೆ. ಇಂಡೊನೇಷ್ಯಾಕ್ಕೆ ಬಂದ ರಾಯಭಾರಿ ತಮ್ಮ ಅಧಿಕಾರಪತ್ರವನ್ನು ಅಲ್ಲಿನ ಅಧ್ಯಕ್ಷರಿಗೆ ಸಲ್ಲಿಸುತ್ತಾರೆ. ಆಸಿಯಾನ್‌ಗೆ ಬಂದವರು ಸಲ್ಲಿಸುವುದು ಆ ಸಂಘಟನೆಯ ಪ್ರಧಾನ ಕಾರ್ಯದರ್ಶಿಗೆ. ಮೊದಲನೆಯವರು ಒಂದು ಸರ್ಕಾರದೊಂದಿಗೆ ವ್ಯವಹರಿಸಿದರೆ ಸಾಕು. ಎರಡನೆಯವರ ಎದುರಿಗೆ 11 ಸರ್ಕಾರಗಳಿವೆ. 2025ರ ಅಕ್ಟೋಬರ್‌ನಲ್ಲಿ ಟಿಮೋರ್-ಲೆಸ್ಟೆ ಸೇರಿದ ಮೇಲಿನ ಲೆಕ್ಕ ಇದು.

ಈ ಹುದ್ದೆಗೆ ಬಹಳ ವಯಸ್ಸಾಗಿಲ್ಲ. ಆಸಿಯಾನ್ ಹುಟ್ಟಿದ್ದು 1967ರಲ್ಲಿ. ಅದಕ್ಕೆ ಕಾನೂನಿನ ಕಣ್ಣಲ್ಲಿ ಸ್ವಂತ ಅಸ್ತಿತ್ವ ಕೊಟ್ಟ ಸನ್ನದು ಜಾರಿಗೆ ಬಂದದ್ದು 2008ರ ಡಿಸೆಂಬರ್‌ನಲ್ಲಿ. ಹೊರಗಿನ ದೇಶಗಳು ರಾಯಭಾರಿಗಳನ್ನು ಕಳುಹಿಸಬಹುದು ಎಂಬ ವಿಧಿ ಆ ಸನ್ನದಿನಲ್ಲೇ ಇದೆ. ಸದಸ್ಯರಲ್ಲದ ದೇಶಗಳ ಪೈಕಿ ಮೊದಲು ನೇಮಕ ಮಾಡಿದ್ದು ಅಮೆರಿಕ, 2008ರಲ್ಲಿ. ಭಾರತ 2015ರಲ್ಲಿ ಪ್ರತ್ಯೇಕ ಕಚೇರಿ ತೆರೆಯಿತು. ಎಲ್ಲ ಕಡೆಯೂ ಹೀಗೆ ಇಬ್ಬರು ಇರಲೇಬೇಕೆಂದಿಲ್ಲ. ಬ್ರಸೆಲ್ಸ್‌ನಲ್ಲಿರುವ ಭಾರತದ ರಾಯಭಾರಿ ಬೆಲ್ಜಿಯಂ, ಲಕ್ಸೆಂಬರ್ಗ್ ಮತ್ತು ಐರೋಪ್ಯ ಒಕ್ಕೂಟ ಮೂರಕ್ಕೂ ಒಬ್ಬರೇ.

ಸದಸ್ಯ ದೇಶಗಳು ಕಳುಹಿಸುವವರನ್ನು ಸಾಮಾನ್ಯವಾಗಿ ಕಾಯಂ ಪ್ರತಿನಿಧಿ ಎನ್ನುತ್ತಾರೆ. ಇಲ್ಲೊಂದು ಸ್ವಾರಸ್ಯವಿದೆ. ಅಮೆರಿಕ ಖಂಡದ ರಾಷ್ಟ್ರಗಳ ಸಂಘಟನೆಯ ಕೇಂದ್ರ ಕಚೇರಿ ಇರುವುದು ವಾಷಿಂಗ್ಟನ್‌ನಲ್ಲಿ. ಹಾಗಾಗಿ ಅಲ್ಲಿಗೆ ನೇಮಕವಾದ ಅಮೆರಿಕದ ರಾಯಭಾರಿ ತಮ್ಮದೇ ರಾಜಧಾನಿಯಲ್ಲಿ ಕುಳಿತು ರಾಯಭಾರ ನಡೆಸುತ್ತಾರೆ!

ಇನ್ನು ಕೆಲಸದ ವಿಷಯ. ಶೃಂಗಸಭೆಯಲ್ಲಿ ನಾಯಕರು ಸಾಲಾಗಿ ನಿಂತ ಫೋಟೊ ನಾವೆಲ್ಲ ನೋಡುತ್ತೇವೆ. ಅಂದು ಹೊರಬೀಳುವ ಹೇಳಿಕೆಯ ಒಂದೊಂದು ಸಾಲಿಗೂ ಅದಕ್ಕಿಂತ ಎಷ್ಟೋ ಮೊದಲೇ ಹಗ್ಗಜಗ್ಗಾಟ ನಡೆದಿರುತ್ತದೆ. ಅದರ ದೊಡ್ಡ ಪಾಲು ಈ ಪ್ರತಿನಿಧಿಗಳ ಹೆಗಲ ಮೇಲಿದೆ. ಐರೋಪ್ಯ ಒಕ್ಕೂಟದಲ್ಲಂತೂ ಸದಸ್ಯ ದೇಶಗಳ ಕಾಯಂ ಪ್ರತಿನಿಧಿಗಳ ಸಮಿತಿ ಮೊದಲೇ ಒಪ್ಪಿದ ವಿಷಯಗಳು 'ಎ' ಅಂಶಗಳಾಗಿ ಸಚಿವರ ಮುಂದೆ ಬರುತ್ತವೆ. ಸಾಮಾನ್ಯವಾಗಿ ಅವು ಚರ್ಚೆಯೇ ಇಲ್ಲದೆ ಅಂಗೀಕಾರವಾಗುತ್ತವೆ.

ಆಸಿಯಾನ್‌ನ ಕಷ್ಟ ಬೇರೆ. ಅಲ್ಲಿ ತೀರ್ಮಾನಗಳು ನಡೆಯುವುದು ಸಮಾಲೋಚನೆ ಮತ್ತು ಒಮ್ಮತದಿಂದ, ಬಹುಮತದಿಂದಲ್ಲ. 2012ರ ಜುಲೈನಲ್ಲಿ ಕಾಂಬೋಡಿಯಾದ ರಾಜಧಾನಿ ನಾಮ್ ಪೆನ್‌ನಲ್ಲಿ ವಿದೇಶಾಂಗ ಸಚಿವರ ಸಭೆ ನಡೆದಾಗ ದಕ್ಷಿಣ ಚೀನಾ ಸಮುದ್ರದ ವಿವಾದವನ್ನು ಹೇಗೆ ಬರೆಯಬೇಕು ಎಂಬುದರಲ್ಲಿ ಒಮ್ಮತ ಮೂಡಲಿಲ್ಲ. 45 ವರ್ಷಗಳಲ್ಲಿ ಮೊದಲ ಬಾರಿಗೆ ಜಂಟಿ ಹೇಳಿಕೆಯೇ ಹೊರಬರಲಿಲ್ಲ. ಕೆಲವು ವಾಕ್ಯಗಳಿಗೆ ಇಷ್ಟು ಭಾರ ಇರುವ ಕಡೆ, ಯಾವ ದೇಶ ಯಾವ ಪದಕ್ಕೆ ಮುಖ ಗಂಟು ಹಾಕುತ್ತದೆ ಎಂದು ಮುಂಚೆಯೇ ಬಲ್ಲವರು ಬೇಕೇಬೇಕು.

ಹೊರಗಿನ ದೇಶದ ರಾಯಭಾರಿಗೆ ಆ ಒಮ್ಮತದಲ್ಲಿ ಪಾಲಿಲ್ಲ, ಸದಸ್ಯರಷ್ಟೇ ಕೂರುವ ಸಭೆಗೆ ಪ್ರವೇಶವೂ ಇಲ್ಲ. ಅವರು ಕಾಯಂ ಪ್ರತಿನಿಧಿಗಳ ಜೊತೆ ಜಂಟಿ ಸಹಕಾರ ಸಮಿತಿಯಲ್ಲಿ ಕುಳಿತು, ತಮ್ಮ ದೇಶ ಮತ್ತು ಆಸಿಯಾನ್ ಒಪ್ಪಿಕೊಂಡ ಐದು ವರ್ಷಗಳ ಕ್ರಿಯಾಯೋಜನೆ ಎಲ್ಲಿಗೆ ಬಂತು ಎಂದು ನೋಡುತ್ತಾರೆ. ಉಳಿದದ್ದೆಲ್ಲ ಒಬ್ಬೊಬ್ಬರನ್ನೇ ಕಂಡು ಮಾತಾಡಿ ಸಾಧಿಸಬೇಕು. ಪ್ರಧಾನ ಕಾರ್ಯದರ್ಶಿಯನ್ನು ಒಪ್ಪಿಸಿದರೆ ಕೆಲಸ ಮುಗಿಯಿತು ಎನ್ನುವಂತಿಲ್ಲ, ತೀರ್ಮಾನ ಅವರ ಕೈಯಲ್ಲಿಲ್ಲವಲ್ಲ. ಪ್ರತಿ ವರ್ಷ ಅಧ್ಯಕ್ಷ ಸ್ಥಾನ ಬೇರೆ ದೇಶಕ್ಕೆ ಹೋಗುತ್ತದೆ, ಅದರೊಂದಿಗೆ ಆದ್ಯತೆಗಳೂ ಬದಲಾಗುತ್ತವೆ. ಹನೋಯ್, ಮನಿಲಾಗಳಲ್ಲಿರುವ ತಮ್ಮದೇ ದೇಶದ ರಾಯಭಾರಿಗಳು ಹೇಳುವುದಕ್ಕೂ ಇಲ್ಲಿ ತಾವು ಹೇಳುವುದಕ್ಕೂ ತಾಳೆಯಾಗಬೇಕು.

ಎರಡೂ ಕೆಲಸವನ್ನು ಒಬ್ಬರೇ ಮಾಡಬಾರದೇ ಎಂದರೆ, ಮಾಡಬಹುದು. ಆದರೆ ಜೈಲು ಸೇರಿದ ಪ್ರಜೆ, ಬಂದರಿನಲ್ಲಿ ತಡೆದ ಸರಕು, ಮುಂದಿನ ವಾರ ಬರಲಿರುವ ಸಚಿವರು ಇವೆಲ್ಲ ಇಂದೇ ಆಗಬೇಕಾದ ಕೆಲಸಗಳು. ಒಕ್ಕೂಟದ ಕರಡು ನಾಳೆಗೆ ಹೋಗುತ್ತದೆ. ಅದಕ್ಕಿಂತ ಮುಖ್ಯವಾದ ಕಾರಣವೂ ಉಂಟು. ಇಂಡೊನೇಷ್ಯಾದೊಂದಿಗೆ ವ್ಯಾಪಾರದ ಜಗಳ ಬಿಸಿಯಾಗಿರುವ ದಿನವೂ ಒಕ್ಕೂಟದ ರಾಯಭಾರಿ ಅದೇ ಇಂಡೊನೇಷ್ಯಾದ ಕಾಯಂ ಪ್ರತಿನಿಧಿಯ ಎದುರು ಕುಳಿತು, 11 ದೇಶಗಳಿಗೂ ಒಪ್ಪಿಗೆಯಾಗುವ ಒಂದು ವಾಕ್ಯವನ್ನು ಹುಡುಕಬೇಕು.