60 ಪೌಂಡಿನ ಬಿಲ್ಲಿಗೆ 340ರ ಬಾಣವೋ, 400ರದ್ದೋ?

ಶಿರಸಿಯ ಓದುಗರೊಬ್ಬರ ಪ್ರಶ್ನೆ: ‘ನನ್ನದು 60 ಪೌಂಡಿನ ಕಾಂಪೌಂಡ್ ಬಿಲ್ಲು (ತುದಿಗಳಲ್ಲಿ ಗಾಲಿಗಳಿರುವಂಥದ್ದು), ಬೇಟೆ ಮಾಡೆಲ್ಲು. ಅಂತರ್ಜಾಲದಲ್ಲಿ 340 ಅಂತಾರೆ, ಅಂಗಡಿಯವರು 400 ತಗೊಳ್ಳಿ ಅಂತಾರೆ. ಯಾವುದು ಸರಿ?’

ಎರಡೂ ಸರಿ ಇರಬಹುದು. ಬಿಲ್ಲಿನ ಮೇಲೆ ಬರೆದದ್ದು ಅದರ ಗರಿಷ್ಠ ಎಳೆತೂಕ, ಅಂದರೆ ದಾರ ಎಳೆಯಲು ಬೇಕಾದ ಬಲ. ಆ ಪೌಂಡು ನೀವು ನಿಜಕ್ಕೂ ಎಳೆಯುವ ಪೌಂಡಾಗಿರಬೇಕೆಂದಿಲ್ಲ, ಅಲ್ಲೇ ಎಡವಟ್ಟಾಗುವುದು.

340, 400 ಎಂಬ ಈ ಸಂಖ್ಯೆ ಹೇಳುವುದು ಬಾಣ ಎಷ್ಟು ಬಾಗುತ್ತದೆ ಎಂಬುದನ್ನು. 28 ಇಂಚಿನ ಅಂತರದಲ್ಲಿ ಎರಡು ಆಸರೆಗಳ ಮೇಲೆ ಶಾಫ್ಟ್ (ಬಾಣದ ಕಡ್ಡಿ) ಇಟ್ಟು, ನಡುವೆ 1.94 ಪೌಂಡ್ ತೂಕ ತೂಗುಹಾಕಿದಾಗ 0.400 ಇಂಚು ಬಾಗಿದರೆ ಅದು 400. ಅಂದರೆ ಸಂಖ್ಯೆ ಇಳಿದಷ್ಟೂ ಬಾಣ ಗಟ್ಟಿ. ಹೊಸಬರು ಇದನ್ನು ಉಲ್ಟಾ ತಿಳಿಯುವುದೇ ಹೆಚ್ಚು.

ಮೊದಲು ನಿಜವಾದ ಎಳೆತೂಕ ಅಳೆಯಿರಿ. ಲಗೇಜ್ ತೂಗುವ ಡಿಜಿಟಲ್ ಕೊಕ್ಕೆ ತ್ರಾಸನ್ನು ಡಿ-ಲೂಪಿಗೆ (ದಾರದ ನಡುವಿನ ಪುಟ್ಟ ಕುಣಿಕೆಗೆ) ಸಿಕ್ಕಿಸಿ ನಿಧಾನ ಎಳೆದರೆ ನಡುವೆ ಬರುವ ಅತಿ ಹೆಚ್ಚಿನ ಅಂಕಿಯೇ ಅದು. ಕಿಲೋವನ್ನು 2.2ರಿಂದ ಗುಣಿಸಿ. ಎಳೆಯುವಾಗ ದಾರ ಕೈತಪ್ಪಬಾರದು: ಬಾಣವಿಲ್ಲದೆ ಬಿಟ್ಟ ಬಿಲ್ಲಿನ ಲಿಂಬು (ಬಾಗುವ ತೋಳು), ಕ್ಯಾಮು (ತುದಿಯ ಗಾಲಿ) ಹಾಳಾಗುತ್ತವೆ. ಆಮೇಲೆ ಶಾಫ್ಟಿನ ಉದ್ದ: ನಾಕಿನ (ದಾರಕ್ಕೆ ಸಿಕ್ಕಿಸುವ ಹಿಂತುದಿಯ) ಸೀಳಿನ ತಳದಿಂದ ಕಾರ್ಬನ್ ಕಡ್ಡಿಯ ತುದಿಯವರೆಗೆ, ಪಾಯಿಂಟ್ (ಮುಂದಿನ ಲೋಹದ ಮೊನೆ) ಬಿಟ್ಟು. ಪೂರ್ತಿ ಎಳೆದಾಗ ಶಾಫ್ಟಿನ ತುದಿ ರೆಸ್ಟಿಗಿಂತ (ಬಿಲ್ಲಿನಲ್ಲಿ ಬಾಣ ಕೂರುವ ಆಸರೆಗಿಂತ) ಒಂದು ಇಂಚಾದರೂ ಮುಂದಿರಬೇಕು. ಮೂರನೆಯದು ಪಾಯಿಂಟಿನ ತೂಕ, ಗ್ರೇನುಗಳಲ್ಲಿ (ಗ್ರಾಂಗಿಂತ ತೀರಾ ಚಿಕ್ಕ ಅಳತೆ).

ತ್ರಾಸಿನಲ್ಲಿ 52 ಪೌಂಡ್, ಶಾಫ್ಟ್ 27.5 ಇಂಚು, ಪಾಯಿಂಟ್ 100 ಗ್ರೇನ್ ಬಂದರೆ ನಿಮ್ಮ ಅಂಗಡಿಯವರ 400 ಸರಿ. ಲಿಂಬುಗಳ ಬೋಲ್ಟ್ ಪೂರ್ತಿ ಬಿಗಿದು 60 ಬಂದು, ಪಾಯಿಂಟ್ 125 ಆದರೆ 340. ಉದ್ದ ಒಂದು ಇಂಚು ಹೆಚ್ಚಿದರೆ ಎಳೆತೂಕ ಸುಮಾರು 5 ಪೌಂಡ್ ಹೆಚ್ಚಿದ ಹಾಗೆ. ಭಾರದ ಪಾಯಿಂಟೂ ಬಾಣವನ್ನು ಮೆತ್ತಗೆ ಮಾಡುತ್ತದೆ. ಅಮೆರಿಕದ ಬೇಟೆಯವರು 70 ಪೌಂಡಿಗೆ ಭಾರದ ಬ್ಲೇಡ್ ಪಾಯಿಂಟ್ ಹಾಕುತ್ತಾರೆ, ಅವರ ಸಲಹೆ ಗಟ್ಟಿ ಬಾಣದ ಕಡೆ ವಾಲುವುದು ಅದಕ್ಕೇ. (ನಮ್ಮಲ್ಲಿ ‘ಬೇಟೆ’ ಮಾಡೆಲ್ಲಿನ ಹೆಸರಿಗಷ್ಟೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಅಡಿಕೆ ತೋಟಕ್ಕೆ ನುಗ್ಗುವ ಹಂದಿಯ ಮೇಲೂ ಬಿಲ್ಲು ಎತ್ತುವಂತಿಲ್ಲ, ಗುರಿ ಹಲಗೆಯ ಮೇಲೇ ಇರಲಿ.)

ತಯಾರಕರ ಪಟ್ಟಿಯಲ್ಲಿ ಎರಡು ಅಂಕಿಗಳ ಗಡಿಯಲ್ಲಿದ್ದರೆ ಗಟ್ಟಿಯದನ್ನೇ ಆರಿಸಿ. ರಿಲೀಸ್ (ಬೆರಳಿನ ಬದಲು ದಾರ ಬಿಡುವ ಸಾಧನ) ಬಳಸುವವರಿಗೆ ತುಸು ಗಟ್ಟಿ ಬಾಣದಿಂದ ತೊಂದರೆ ಕಡಿಮೆ. ತೀರಾ ಮೆತ್ತಗಿನದು ಮಾತ್ರ ಬಿಡುವಾಗ ಅತಿಯಾಗಿ ಬಾಗಿ ಅತ್ತಿತ್ತ ಚೆದುರುತ್ತದೆ, ಬಿಲ್ಲು ಹಿಡಿದ ಕೈಯ ಬಳಿಯೇ ಸೀಳಿಬಿಡಬಹುದು. ಒಟ್ಟು ತೂಕವನ್ನೂ ನೋಡಿ: ಪೌಂಡಿಗೆ 5 ಗ್ರೇನ್ ಕನಿಷ್ಠ, ಅಂದರೆ 52 ಪೌಂಡಿಗೆ 260.

ಡಜನ್ ಕೊಳ್ಳುವ ಮುಂಚೆ ಎರಡು ಬಾಣ ತಂದು ಒಂದರ ಗರಿ ತೆಗೆಯಿರಿ. 18 ಮೀಟರಿನಿಂದ ಎರಡನ್ನೂ ಹೊಡೆಯಿರಿ. ಬೋಳು ಬಾಣ ಪಕ್ಕಕ್ಕೆ ಹೋದರೆ ಮೊದಲು ರೆಸ್ಟನ್ನು ಮಿಲಿಮೀಟರಿಗಿಂತ ಕಡಿಮೆ ಸರಿಸಿ ನೋಡಿ. ಆಗಲೂ ಕೂಡದಿದ್ದರೆ ಎರಡೂ ಲಿಂಬ್ ಬೋಲ್ಟುಗಳನ್ನು ಸಮವಾಗಿ ಒಂದು ಸುತ್ತು ಸಡಿಲಿಸಿ, 2-3 ಪೌಂಡ್ ಇಳಿಯುತ್ತದೆ. ಈಗ ಎರಡೂ ಹತ್ತಿರ ಬಂದವೇ? ಹಾಗಾದರೆ ಬಾಣ ಮೆತ್ತಗಿತ್ತು. ಅರ್ಧ ಇಂಚು ಕತ್ತರಿಸಿ, ಅಥವಾ ಪಾಯಿಂಟ್ ಹಗುರ ಮಾಡಿ. ಕಾರ್ಬನ್ ಕತ್ತರಿಸುವಾಗ ಮಾಸ್ಕ್ ಬೇಕೇ ಬೇಕು, ಗರಗಸ ಬೇಡ, ತಿರುಗುವ ಅಬ್ರೇಸಿವ್ ಚಕ್ರವೇ ಆಗಬೇಕು.

ಮಲೆನಾಡಿನ ಮಳೆಗೆ ಬಿದಿರಿನ ಬಾಣದ ಬಿಗಿತ ಬದಲಾಗುತ್ತದೆ, ಕಾರ್ಬನ್ನಿಗೆ ಆ ತಾಪತ್ರಯವಿಲ್ಲ. ಆದರೆ ಕಾರವಾರದ ಉಪ್ಪುಗಾಳಿಗೆ ಬೋಲ್ಟು ತುಕ್ಕು ಹಿಡಿಯುತ್ತದೆ, ಆಗಾಗ ಒರೆಸಿಡಿ.