ಕಲ್ಲುಹೂವಿನ ರಾಸಾಯನಿಕಗಳು ಬೆಳೆರೋಗಕ್ಕೆ ಮದ್ದಾಗಬಲ್ಲವೇ?

ಅಡಿಕೆ ಮರದ ಕಾಂಡದ ಮೇಲೆ ಬೂದು, ಬಿಳಿ, ತಿಳಿಹಸಿರು ಮಚ್ಚೆಗಳಾಗಿ ಹರಡುವ ಕಲ್ಲುಹೂವನ್ನು ರೋಗವೆಂದು ತಿಳಿದು ಕೆರೆದು ತೆಗೆಯುವ ಬೆಳೆಗಾರರು ಮಲೆನಾಡಿನಲ್ಲಿ ಇಂದಿಗೂ ಇದ್ದಾರೆ. ಅದು ರೋಗವಲ್ಲ. ಶಿಲೀಂಧ್ರವೊಂದು ಪಾಚಿಯನ್ನೋ ಸಯನೋಬ್ಯಾಕ್ಟೀರಿಯಾವನ್ನೋ ತನ್ನ ಎಳೆಗಳ ನಡುವೆ ಇರಿಸಿಕೊಂಡು, ಅದು ಬಿಸಿಲಿನಲ್ಲಿ ತಯಾರಿಸುವ ಆಹಾರವನ್ನು ಹಂಚಿಕೊಂಡು ಬದುಕುವ ಸಹಜೀವನವದು. ಮರದಿಂದ ಅದಕ್ಕೆ ಬೇಕಾಗಿರುವುದು ನೆಲೆ ಮಾತ್ರ. ಈಚೆಗೆ ಬೆಳೆಗಾರರು ಕೇಳುವ ಪ್ರಶ್ನೆ ಬೇರೆಯೇ ಆಗಿದೆ: ಇದರಿಂದ ಅಡಿಕೆಯ ಕೊಳೆರೋಗಕ್ಕೋ ಭತ್ತದ ಬೆಂಕಿ ರೋಗಕ್ಕೋ ಮದ್ದು ಮಾಡಿಕೊಳ್ಳಬಹುದೇ?

ಪ್ರಶ್ನೆಗೆ ಆಧಾರವಿದೆ. ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುವ ಈ ಜೀವಿ, ಒಂದೇ ಜಾಗದಲ್ಲಿ ದಶಕಗಟ್ಟಲೆ ಉಳಿಯಬೇಕಾದರೆ ಸೂಕ್ಷ್ಮಜೀವಿಗಳನ್ನೂ ಮೇಯುವ ಹುಳಗಳನ್ನೂ ದೂರವಿಡಬೇಕಾಗುತ್ತದೆ. ಅದಕ್ಕಾಗಿ ಅದರ ಶಿಲೀಂಧ್ರ ತಯಾರಿಸುವ, ತನ್ನ ಎಳೆಗಳ ಹೊರಮೈಯಲ್ಲಿ ಹರಳುಗಳಾಗಿ ಶೇಖರಿಸುವ ಸಂಯುಕ್ತಗಳಲ್ಲಿ ಸಾವಿರಕ್ಕೂ ಹೆಚ್ಚನ್ನು ಈವರೆಗೆ ಗುರುತಿಸಲಾಗಿದೆ. 1844ರಲ್ಲೇ ಬೇರ್ಪಡಿಸಲಾದ ಉಸ್ನಿಕ್ ಆಮ್ಲ ಅವುಗಳಲ್ಲಿ ಪ್ರಸಿದ್ಧ. ನಮ್ಮ ಅಡುಗೆಮನೆಯ ಮಸಾಲೆಗೆ ಸೇರುವ ಕಲ್ಲುಹೂವಿನಲ್ಲಿ ಅಟ್ರಾನೋರಿನ್ ಮತ್ತು ಲೆಕನೋರಿಕ್ ಆಮ್ಲಗಳಿವೆ.

ಪ್ರಯೋಗಾಲಯದಲ್ಲಿ ಇವುಗಳ ಸಾರವನ್ನು, ಸೂಕ್ಷ್ಮಜೀವಿಗಳನ್ನು ಬೆಳೆಸಲು ಬಳಸುವ ಲೋಳೆಯಂಥ ಮಾಧ್ಯಮವಾದ ಅಗರ್‌ನಲ್ಲಿ ಬೆರೆಸಿ, ರೋಗಕಾರಕ ಶಿಲೀಂಧ್ರದ ಸಣ್ಣ ತುಣುಕನ್ನು ಅದರ ಮೇಲಿಟ್ಟು, ಸಾರವಿಲ್ಲದ ತಟ್ಟೆಯಲ್ಲಿನ ಬೆಳವಣಿಗೆಯೊಂದಿಗೆ ಹೋಲಿಸಿ ಅಳೆಯುತ್ತಾರೆ. ಹಲವು ಸಾರಗಳು ಬೆಳವಣಿಗೆಯನ್ನು ಸ್ಪಷ್ಟವಾಗಿ ತಗ್ಗಿಸಿವೆ. ಆದರೆ ಒಂದು ರೋಗಕಾರಕದ ಮೇಲಿನ ಫಲಿತಾಂಶವನ್ನು ಇನ್ನೊಂದಕ್ಕೆ ಅನ್ವಯಿಸುವುದು ತಪ್ಪು. ಕೊಳೆರೋಗ ತರುವ ಫೈಟಾಫ್ತೊರಾ ನಿಜವಾದ ಶಿಲೀಂಧ್ರವೇ ಅಲ್ಲ. ಅದರ ಕೋಶಭಿತ್ತಿಯ ರಚನೆಯೇ ಬೇರೆಯಾದ್ದರಿಂದ, ಬೆಂಕಿ ರೋಗದ ಶಿಲೀಂಧ್ರವನ್ನು ತಡೆದ ಸಾರ ಇದನ್ನೂ ತಡೆಯುತ್ತದೆಂಬ ಖಾತರಿಯಿಲ್ಲ.

ತಟ್ಟೆಯಿಂದ ತೋಟಕ್ಕೆ ಬರುವ ದಾರಿಯಲ್ಲಿ ಇನ್ನೂ ದೊಡ್ಡ ಅಡೆತಡೆಗಳಿವೆ. ಈ ಸಂಯುಕ್ತಗಳಲ್ಲಿ ಹೆಚ್ಚಿನವು ನೀರಿನಲ್ಲಿ ಕರಗುವುದು ಬಹಳ ಕಡಿಮೆ. ಪ್ರಯೋಗಾಲಯದವರು ಸಾಮಾನ್ಯವಾಗಿ ಆಸಿಟೋನ್‌ನಂಥ ದ್ರಾವಕಗಳನ್ನು ಬಳಸುವುದು ಅದಕ್ಕಾಗಿಯೇ. ಹಾಗಾಗಿ ಕಲ್ಲುಹೂವನ್ನು ನೀರಿನಲ್ಲಿ ಕುದಿಸಿ ಸೋಸಿದ ಕಷಾಯವನ್ನು ಸಿಂಪಡಿಸುವುದರಿಂದ ಆ ಪ್ರಯೋಗಗಳ ಫಲ ದೊರೆಯುತ್ತದೆಂದು ನಿರೀಕ್ಷಿಸುವಂತಿಲ್ಲ. ಮೇಲಾಗಿ ಉಸ್ನಿಕ್ ಆಮ್ಲಕ್ಕೆ ಎಳೆಯ ಸಸಿಗಳ ಬೀಜದಳಗಳನ್ನು ಬಿಳಿಚಿಸುವ ಗುಣವೂ ಇದೆ. ಇದರ ಲವಣವಿದ್ದ ತೂಕ ಇಳಿಸುವ ಮಾತ್ರೆಗಳಿಂದ ಯಕೃತ್ತಿಗೆ ಹಾನಿಯಾದ ವರದಿಗಳು ಬಂದಾಗ, ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2001ರಲ್ಲಿ ಎಚ್ಚರಿಕೆ ಪ್ರಕಟಿಸಿತ್ತು. ನೈಸರ್ಗಿಕವಾದದ್ದೆಲ್ಲ ನಿರಪಾಯಕಾರಿ ಎಂಬ ನಂಬಿಕೆಯನ್ನು ನಾನು ಒಪ್ಪಲಾರೆ. 1968ರ ಕೀಟನಾಶಕ ಕಾಯ್ದೆಯಡಿಯ ನೋಂದಣಿ ಪರೀಕ್ಷೆಗಳಿಂದ ಇಂಥ ಮದ್ದುಗಳಿಗೆ ವಿನಾಯಿತಿ ಇರಬಾರದು.

ನನ್ನನ್ನು ಹೆಚ್ಚು ಕಾಡುವುದು ಪೂರೈಕೆಯ ಪ್ರಶ್ನೆ. ಪಶ್ಚಿಮ ಘಟ್ಟದ ಮರಗಳಿಂದ ಕೆರೆದು ಎಕರೆಗಟ್ಟಲೆ ಸಿಂಪಡಣೆಗೆ ಸಾಕಾಗುವಷ್ಟು ಕಲ್ಲುಹೂವು ತರಲು ಹೊರಟರೆ, ದಶಕಗಳ ಬೆಳವಣಿಗೆ ಒಂದೆರಡು ಹಂಗಾಮಿನಲ್ಲಿ ಮುಗಿದುಹೋಗುತ್ತದೆ. ಪರಿಹಾರದ ಸುಳಿವು ಜೀನ್‌ಗಳ ಅಧ್ಯಯನದಿಂದ ಬಂದಿದೆ. ಅಟ್ರಾನೋರಿನ್ ತಯಾರಿಸುವ ಜೀನ್‌ಗಳ ಗುಂಪನ್ನು ಗುರುತಿಸಿ, ವೇಗವಾಗಿ ಬೆಳೆಯುವ ಬೇರೊಂದು ಶಿಲೀಂಧ್ರಕ್ಕೆ ಸೇರಿಸಿ ಅದರಿಂದಲೇ ಆ ಸಂಯುಕ್ತವನ್ನು ಪಡೆದ ಸಂಶೋಧನೆ 2021ರಲ್ಲಿ ಪ್ರಕಟವಾಯಿತು. ಕಾಡಿಗೆ ಕೈ ಹಾಕದೆ ತೊಟ್ಟಿಯಲ್ಲಿ ತಯಾರಿಸುವ ಈ ದಾರಿಯಲ್ಲೇ ಹಣ ಮತ್ತು ಶ್ರಮ ಹೂಡಬೇಕೆಂದು ನಾನು ಒತ್ತಾಯಿಸುತ್ತೇನೆ.

ಸದ್ಯಕ್ಕೆ ಕೊಳೆರೋಗಕ್ಕೆ ಮುಂಗಾರಿಗೆ ಮೊದಲೊಮ್ಮೆ, ಬಳಿಕ 40ರಿಂದ 45 ದಿನಗಳಲ್ಲಿ ಇನ್ನೊಮ್ಮೆ ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಶೇ 1ರ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಚೆನ್ನಾಗಿ ತಾಗುವಂತೆ ಸಿಂಪಡಿಸಿ. ಕಾಂಡದ ಮೇಲಿನ ಕಲ್ಲುಹೂವನ್ನು ಕೆರೆಯಲು ಆಳು ಹಚ್ಚಬೇಡಿ.