ಪಿತ್ತನಾಳದೊಳಗೆ ಒಂದು ಚಪ್ಪಟೆ ಹುಳು

ಹಾಸನ, ಚಿಕ್ಕಮಗಳೂರು ಕಡೆ ಕುರಿಯ ಈಲಿ, ಅಂದರೆ ಲಿವರ್, ಕೊಯ್ದಾಗ ಒಮ್ಮೊಮ್ಮೆ ಎಲೆಯ ಆಕಾರದ ಚಪ್ಪಟೆ ಹುಳು ಸಿಗುವುದುಂಟು. ಪಶುವೈದ್ಯರು ಲಿವರ್ ಫ್ಲೂಕ್ ಅನ್ನುವುದು ಇದಕ್ಕೇ. ಇಂಥ ಈಲಿ ತಿಂದರೆ ನಮಗೂ ಹುಳು ಹತ್ತುತ್ತದೆ ಅಂತ ನಂಬಿದವರು ಬಹಳ. ಬೇಯಿಸಿ ತಿಂದರೆ ಖಂಡಿತ ಹತ್ತುವುದಿಲ್ಲ. ಈ ಹುಳುವಿನ ಮೊಟ್ಟೆ ಸಗಣಿಯ ಜೊತೆ ನೀರು ಸೇರಬೇಕು. ಮೊಟ್ಟೆಯಿಂದ ಬಂದ ಮರಿ, ಬಸವನಹುಳುವಿನೊಳಗೆ ಬೆಳೆಯಬೇಕು. ಆಮೇಲೆ ಹೊರಗೆ ಬಂದು, ನೀರಂಚಿನ ಎಲೆಗೆ ಅಂಟಿ, ಸುತ್ತ ಗಟ್ಟಿ ಕವಚ ಕಟ್ಟಿಕೊಳ್ಳಬೇಕು. ಆ ಕವಚ ಹಸಿ ಎಲೆಯ ಜೊತೆಗೋ, ಕುಡಿಯುವ ನೀರಿನ ಜೊತೆಗೋ ಹೊಟ್ಟೆ ಸೇರಿದರೆ ಅಪಾಯ.

ಹಾಗಾಗಿ ನನ್ನ ಚಿಂತೆ ಇರುವುದು ಒಂದೆಲಗದ ಮೇಲೆ. ಮೂಡಿಗೆರೆ, ಸಕಲೇಶಪುರದ ಮನೆಗಳಲ್ಲಿ ಅದರ ಹಸಿ ಚಟ್ನಿ, ತಂಬುಳಿ ಎಲ್ಲರಿಗೂ ಪ್ರೀತಿ. ಹಿತ್ತಲಲ್ಲಿ ಬೆಳೆದದ್ದಾದರೆ ಸರಿ. ದನ ಮೇಯುವ ಜೌಗು ಗದ್ದೆಯಿಂದ ಕಿತ್ತು ತಂದದ್ದನ್ನು ಚೆನ್ನಾಗಿ ಕುದಿಸಿಯೇ ತಿನ್ನಿ. ಸುಮ್ನೆ ತೊಳೆದರೆ ಅಂಟಿದ ಕವಚ ಬಿಡುತ್ತದೆ ಅನ್ನುವ ಭರವಸೆ ಇಲ್ಲ. ನಮ್ಮ ದೇಶದಲ್ಲಿ ಈ ರೋಗ ದನ, ಎಮ್ಮೆಗಳಲ್ಲಿ ಮಾಮೂಲಿ, ಮನುಷ್ಯರಲ್ಲಿ ಅಪರೂಪ. ಅಪರೂಪವಾದ್ದರಿಂದಲೇ ಯಾರಿಗೂ ಅದರ ನೆನಪು ಬರುವುದಿಲ್ಲ.

ಫ್ಯಾಸಿಯೋಲಾ ಅನ್ನುವ ಈ ಹುಳು ಹಿಡಿಯುವ ದಾರಿ ವಿಚಿತ್ರ. ಕರುಳನ್ನು ಕೊರೆದು ಹೊಟ್ಟೆಯ ಪೊಳ್ಳಿಗೆ ಬರುತ್ತದೆ. ಅಲ್ಲಿಂದ ಲಿವರ್‌ನ ಹೊರಪದರ ತೂರಿ, ವಾರಗಟ್ಟಲೆ ಅದನ್ನೇ ತಿನ್ನುತ್ತಾ ಹೋಗಿ ಪಿತ್ತನಾಳ ಸೇರುತ್ತದೆ. ಮಲೆನಾಡಿನ ಸಣ್ಣ ಹಳ್ಳಗಳು ಕೂಡಿಕೂಡಿ ಹೇಮಾವತಿ ಸೇರುವ ಹಾಗೆ, ಲಿವರ್‌ನೊಳಗಿನ ಕೂದಲೆಳೆಯಂಥ ನಾಳಗಳು ಸೇರಿ ಒಂದೇ ದೊಡ್ಡ ನಾಳವಾಗುತ್ತವೆ. ದಿನಕ್ಕೆ ಅರ್ಧದಿಂದ ಒಂದು ಲೀಟರ್ ಪಿತ್ತರಸ ಅದರಲ್ಲಿ ಹರಿದು ಸಣ್ಣ ಕರುಳಿಗೆ ಹೋಗುತ್ತದೆ. ಈ ಹರಿವಿನಲ್ಲಿ ಎರಡು ಮೂರು ಸೆಂಟಿಮೀಟರ್ ಉದ್ದದ ಹುಳು ಕೂತರೆ ಏನಾಗಬೇಡ?

ದಾರಿ ಕಟ್ಟಿಕೊಳ್ಳುತ್ತದೆ, ನಿಜ. ಆದರೆ ನನಗೆ ಅಚ್ಚರಿ ಅನಿಸುವುದು ನಾಳದ ಗೋಡೆಯ ವರ್ತನೆ. ಹುಳುವಿನ ಮೈಮೇಲಿನ ಮುಳ್ಳು ಗೀರಿ ಗಾಯವಾಗುತ್ತದೆ, ಅದಕ್ಕೇ ಗೋಡೆ ದಪ್ಪವಾಗುತ್ತದೆ ಅಂತ ಯಾರಿಗಾದರೂ ಅನಿಸುತ್ತದೆ, ಅಲ್ವಾ? ಆದರೆ ಹುಳು ಇನ್ನೂ ಲಿವರ್ ಕೊರೆಯುತ್ತಿರುವಾಗಲೇ, ನಾಳ ಮುಟ್ಟುವ ಮೊದಲೇ, ಗೋಡೆ ಬೆಳೆಯಲು ಶುರುವಾಗಿರುತ್ತದೆ! ಹುಳು ಪ್ರೋಲಿನ್ ಅನ್ನುವ ಅಮೈನೋ ಆಮ್ಲವನ್ನು ಹೇರಳವಾಗಿ ಹೊರಬಿಡುತ್ತದೆ. ಹುಳುವೇ ಇಲ್ಲದ ಇಲಿಗಳ ಹೊಟ್ಟೆಯೊಳಗೆ ಬರೀ ಪ್ರೋಲಿನ್ ಹರಿಸಿದಾಗಲೂ ಪಿತ್ತನಾಳ ಹಾಗೇ ಬೆಳೆಯಿತು. ಈ ಪ್ರಯೋಗ ಪ್ರಕಟವಾದದ್ದು 1977ರಲ್ಲಿ. ಮುಳ್ಳಿನ ಗೀರು, ಉರಿಯೂತ ಆಮೇಲೆ ಜೊತೆಗೂಡುತ್ತವೆ. ದನಗಳಲ್ಲಂತೂ ಗೋಡೆಗೆ ಸುಣ್ಣದ ಅಂಶ ಸೇರಿ ನಾಳ ಪೈಪಿನಷ್ಟು ಬಿರುಸಾಗುತ್ತದೆ. ಚಾಕು ಹಾಕಿದರೆ ಕರಕರ ಅನ್ನುತ್ತದೆ.

ಇದರ ಬಳಗದ ಇನ್ನೊಂದು ಹುಳು, ಕ್ಲೊನಾರ್ಕಿಸ್, ಮೊದಲು ಪತ್ತೆಯಾದದ್ದು ಕಲ್ಕತ್ತದಲ್ಲಿ. ಅಲ್ಲಿ ತೀರಿಕೊಂಡ ಚೀನೀ ಬಡಗಿಯೊಬ್ಬನ ಪಿತ್ತನಾಳಗಳಲ್ಲಿ ಅದನ್ನು ಕಂಡ ಡಾಕ್ಟರ್ ಮೆಕಾನಲ್ 1875ರಲ್ಲಿ ವರದಿ ಬರೆದರು. ಅದು ಹಸಿ ಮೀನಿನಿಂದ ಬರುವ ಹುಳು. ಲಿವರ್ ಕೊರೆಯುವ ಕಷ್ಟ ಪಡದೆ, ಕರುಳಿನಿಂದ ನೇರ ಪಿತ್ತನಾಳಕ್ಕೆ ಏರುತ್ತದೆ. ಈಶಾನ್ಯ ಥಾಯ್ಲೆಂಡಿನಲ್ಲಿ ಜಾಸ್ತಿ ಇರುವ ಒಪಿಸ್ತಾರ್ಕಿಸ್ ಕೂಡ ಹಾಗೇ. ವರ್ಷಗಟ್ಟಲೆ ಉಳಿದರೆ ಇವೆರಡೂ ಪಿತ್ತನಾಳದ ಕ್ಯಾನ್ಸರ್ ತರಬಲ್ಲವು. ಫ್ಯಾಸಿಯೋಲಾ ಮೇಲೆ ಆ ಆರೋಪ ಸಾಬೀತಾಗಿಲ್ಲ. ನಮ್ಮವರು ಮೀನನ್ನು ಸಾರು ಮಾಡಿಯೇ ತಿನ್ನುವುದು ದೊಡ್ಡ ಪುಣ್ಯ.

ನಾಳ ಕಟ್ಟಿದರೆ ಕಣ್ಣು ಹಳದಿಯಾಗುತ್ತದೆ, ಮೂತ್ರ ಕಡುಬಣ್ಣಕ್ಕೆ ತಿರುಗುತ್ತದೆ, ಮಲ ಬಿಳಿಚಿಕೊಳ್ಳುತ್ತದೆ. ಕಾಮಾಲೆ ಅಂದ ತಕ್ಷಣ ಕೈಗೆ ಬರೆ ಹಾಕಿಸುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಕಲ್ಲು, ಗಡ್ಡೆ, ಹುಳು, ಯಾವುದು ನಾಳ ಕಟ್ಟಿದೆ ಅಂತ ಬರೆ ಹೇಳುತ್ತದೆಯೇ? ಮೊದಲು ಸ್ಕ್ಯಾನ್ ಮಾಡಿಸಿ. ರಕ್ತದಲ್ಲಿ ಇಯೊಸಿನೊಫಿಲ್ ಅನ್ನುವ ಬಿಳಿ ರಕ್ತಕಣ ತುಂಬಾ ಏರಿದ್ದು, ಹಸಿ ಸೊಪ್ಪು ತಿಂದ ನೆನಪಿದ್ದರೆ ಡಾಕ್ಟರಿಗೆ ತಪ್ಪದೆ ಹೇಳಿ. ಸೋಂಕು ತಗುಲಿದ ಮೊದಲ ಮೂರು ತಿಂಗಳು ಹುಳು ಮೊಟ್ಟೆ ಇಡುವುದಿಲ್ಲ, ಹಾಗಾಗಿ ಆಗ ಮಲ ಪರೀಕ್ಷೆಯಲ್ಲಿ ಏನೂ ಸಿಗದು. ಫ್ಯಾಸಿಯೋಲಾಗೆ ಟ್ರೈಕ್ಲಾಬೆಂಡಜೋಲ್ ಅನ್ನುವ ಮಾತ್ರೆ ಇದೆ. ಮೀನಿನ ಹುಳುಗಳಿಗೆ ಕೊಡುವ ಪ್ರಾಜಿಕ್ವಾಂಟೆಲ್ ಇದಕ್ಕೆ ನಾಟುವುದಿಲ್ಲ.